ಚಟ್ನಿ ಜಾರಿಗೆ ಹೋದ ರೊಕ್ಕ

"ಒತ್ತಿದ್ದಕ್ಕ ರೊಕ್ಕ ತೊಗೋತಾರ, ಕೊಂಡಿದ್ದಕ್ಕಲ್ಲ. ಇದ್ಯಾವ ನ್ಯಾಯ ತಮ್ಮಾ?"

ಕಾಂಪೌಂಡ್ ಗೋಡೆಯ ಆಚೆ ನಿಂತು ಪಕ್ಕದ ಮನೆ ಕಾಕು ಕೇಳಿದ ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಲು ಬರುವುದಿಲ್ಲ. ಕೇಳಿದವರೂ ಸಾಮಾನ್ಯರಲ್ಲ. ಬ್ಯಾಡಗಿ ಖಾರದ ಪುಡಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಮಾಡಿ ಮೊದಲು ನಮ್ಮ ಓಣಿಗೆ ಕೊಡುತ್ತಿದ್ದರು. ಆಮೇಲೆ ಹುಬ್ಬಳ್ಳಿ ಬಿಟ್ಟು ಪುಣೆ, ಬೆಂಗಳೂರು ಸೇರಿದವರ ಮನೆಗಳಿಗೆ ಕಳಿಸಿದರು. ಈಗ ಆನ್‌ಲೈನ್ ಅಂಗಡಿಗಳಲ್ಲಿ ಇಟ್ಟಿದ್ದಾರೆ. ಆಹಾರ ಪರವಾನಗಿ, ಜಿಎಸ್‌ಟಿ ನಂಬರು, ಪಾಕೀಟಿನ ಲೇಬಲ್ಲು, ಎಲ್ಲ ತಾವೇ ಓಡಾಡಿ ಮಾಡಿಸಿಕೊಂಡವರು. ಜಾಹೀರಾತನ್ನು ಮಾತ್ರ ಮಗ ಹಚ್ಚಿಕೊಟ್ಟು ತನ್ನ ನೌಕರಿಗೆ ಹೊರಟುಹೋದ. ತಿಂಗಳ ಕೊನೆಗೆ ಬಿಲ್ಲು ಬಂತು. ಮಾರಾಟ ಏರಿದೆ, ಕೈಯಲ್ಲಿ ಉಳಿದದ್ದು ಇಳಿದಿದೆ. ಸಣ್ಣ ಮಾರಾಟಗಾರರ ಜಾಹೀರಾತು ನೋಡಿಕೊಳ್ಳುವುದೇ ನನ್ನ ಕೆಲಸ ಎಂದು ಗೊತ್ತಿದ್ದ ಕಾಕು ಮೊಬೈಲನ್ನು ಗೋಡೆಯ ಮೇಲಿಂದ ಚಾಚಿ "ನೋಡು" ಎಂದರು.

ನಾನು ಬಿಲ್ಲು ನೋಡಲಿಲ್ಲ. ಜನ ಏನೇನು ಬರೆದು ಹುಡುಕಿದಾಗ ಕಾಕುವಿನ ಪಾಕೀಟು ಅವರ ಕಣ್ಣಿಗೆ ಬಿತ್ತು ಎಂಬ ಪಟ್ಟಿ ಒಂದಿರುತ್ತದೆ, ಸರ್ಚ್ ಟರ್ಮ್ ರಿಪೋರ್ಟ್ ಎನ್ನುತ್ತಾರೆ, ಅದನ್ನು ತೆಗೆದೆ. ಅದರಲ್ಲಿ 'ಚಟ್ನಿ ಜಾರ್' ಎಂದೊಂದು ಸಾಲು. ಮಿಕ್ಸರಿನ ಸಣ್ಣ ಜಾರು ಕೆಟ್ಟುಹೋದವರು ಹೊಸದನ್ನು ಹುಡುಕಿದ್ದಾರೆ. ಅವರ ಮುಂದೆ ಶೇಂಗಾ ಚಟ್ನಿ ಬಂದು ನಿಂತಿದೆ. ಇದೇನಿದು ಎಂದು ಕೆಲವರು ಒತ್ತಿ ನೋಡಿದ್ದಾರೆ, ಒಬ್ಬರೂ ಕೊಂಡಿಲ್ಲ. ಕೊಳ್ಳುವುದಾದರೂ ಹೇಗೆ, ಅವರಿಗೆ ಬೇಕಾಗಿದ್ದದ್ದು ಸ್ಟೀಲಿನ ಪಾತ್ರೆ. ಇನ್ನೊಂದು ಸಾಲು 'ಮೆಣಸಿನಕಾಯಿ ಬೀಜ'. ಕುಂಡದಲ್ಲಿ ಗಿಡ ಬೆಳೆಸುವವರದು ಅದು. ಮತ್ತೊಂದು 'ಗುಂಟೂರು ಖಾರದ ಪುಡಿ'. ನಾಲಿಗೆ ಚುರುಗುಟ್ಟುವ ಖಾರ ಬೇಕೆನ್ನುವವರು ಹುಡುಕಿದ ಮಾತು. ಬ್ಯಾಡಗಿ ಹೆಸರಾಗಿರುವುದು ಬಣ್ಣಕ್ಕೆ, ಖಾರಕ್ಕಲ್ಲ. ಗುಂಟೂರು ಬೇಕಾದವರು ತಪ್ಪಿ ಇದನ್ನು ಕೊಂಡರೂ 'ಖಾರಾನೇ ಇಲ್ಲ' ಎಂದು ಒಂದು ನಕ್ಷತ್ರ ಕೊಟ್ಟು ಹೋಗುತ್ತಾರೆ. ಹತ್ತು ಕ್ಲಿಕ್ಕಿನ ದುಡ್ಡು ಹೋದರೆ ನಾಳೆ ಮತ್ತೆ ಗಳಿಸಬಹುದು, ಆ ಒಂದು ನಕ್ಷತ್ರ ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ.

ಸಣ್ಣ ಮಾರಾಟಗಾರರ ಹಣ ಸೋರುವ ಜಾಗ ಇದು. ಒಂದು ಒತ್ತಿಗೆ ಇಷ್ಟು ಕೊಡುತ್ತೇನೆಂದು ಜಾಹೀರಾತಿನ ಹರಾಜಿನಲ್ಲಿ ಹೇಳುವ ಬೆಲೆ, ಅಂದರೆ ಬಿಡ್, ಹೆಚ್ಚಾಯಿತೇ ಕಡಿಮೆಯಾಯಿತೇ ಎಂದು ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ತಮಗೆ ಸಂಬಂಧವಿಲ್ಲದ ಮಾತುಗಳಲ್ಲಿ ತಾವು ಹರಾಜು ಗೆಲ್ಲುತ್ತಿದ್ದೇವೆ ಎಂಬುದು ಬಹಳ ಮಂದಿಯ ಲಕ್ಷ್ಯಕ್ಕೇ ಬರುವುದಿಲ್ಲ. ಈ ಕೆಲಸದಲ್ಲಿ ಒಂದೇ ಒಂದು ಅಭ್ಯಾಸ ಕಲಿಸು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ: ವಾರಕ್ಕೊಮ್ಮೆ ಕೂತು ಆ ಪಟ್ಟಿಯನ್ನು ಮೇಲಿಂದ ಕೆಳಗಿನ ತನಕ ಓದಿ. ಗ್ರಾಹಕ ತನಗೆ ಏನು ಬೇಕೆಂದು ತನ್ನದೇ ಮಾತಿನಲ್ಲಿ ಬರೆದುಕೊಟ್ಟ ಚೀಟಿಗಳು ಅವು. ಅಂಗಡಿ ಕಟ್ಟೆಯ ಮೇಲೆ ಕೂತ ವ್ಯಾಪಾರಿಗೂ ಇಷ್ಟು ಸ್ಪಷ್ಟವಾಗಿ ಯಾರೂ ಹೇಳುವುದಿಲ್ಲ.

ಇನ್ನು ನ್ಯಾಯದ ಪ್ರಶ್ನೆ. ಮೊದಮೊದಲು ಇಂಟರ್ನೆಟ್ ಜಾಹೀರಾತಿಗೆ ಪತ್ರಿಕೆಗಳ ಲೆಕ್ಕವೇ ಇತ್ತು. ಇಷ್ಟು ಸಾವಿರ ಸಲ ತೋರಿಸಿದರೆ ಇಷ್ಟು ದುಡ್ಡು, ಯಾರಾದರೂ ನೋಡಲಿ ಬಿಡಲಿ. 1998ರಲ್ಲಿ ಅಮೆರಿಕದ ಬಿಲ್ ಗ್ರಾಸ್ ಎಂಬವರು ಗೋಟು ಡಾಟ್ ಕಾಮ್ ಎಂಬ ಹುಡುಕು ತಾಣ ತೆರೆದು ಬೇರೆ ದಾರಿ ಹಿಡಿದರು. ಒತ್ತಿದರೆ ಮಾತ್ರ ಕೊಡಿ, ಒಂದು ಒತ್ತಿಗೆ ಎಷ್ಟು ಕೊಡುತ್ತೀರೆಂದು ನೀವೇ ಹೇಳಿ, ಹೆಚ್ಚು ಹೇಳಿದವರು ಮೇಲೆ. ಹುಡುಕಿದ್ದಕ್ಕೆ ಸಿಗುವ ಉತ್ತರವನ್ನೇ ಹಣಕ್ಕೆ ಮಾರುವುದೇ ಎಂದು ಆಗ ಮೂಗು ಮುರಿದವರು ಬಹಳ. ಆದರೆ ಅದೇ ಕಂಪನಿ 2001ರಲ್ಲಿ ಓವರ್ಚರ್ ಎಂದು ಹೆಸರು ಬದಲಿಸಿಕೊಂಡಿತು. 2003ರಲ್ಲಿ ಯಾಹೂ ಅದನ್ನು 160 ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಕೊಂಡಿತು. ಹಾಗೆ ನೋಡಿದರೆ ಒತ್ತಿದ್ದಕ್ಕೆ ಮಾತ್ರ ಕೊಡುವ ಪದ್ಧತಿ ಹುಟ್ಟಿದ್ದು ಕಾಕುವಿನಂಥ ಸಣ್ಣವರಿಗೆ ಅನುಕೂಲವಾಗಿಯೇ. ಪತ್ರಿಕೆಯ ಪುಟ ಕೊಳ್ಳಲಾಗದವರು ಇಲ್ಲಿ ನೂರಿನ್ನೂರು ರೂಪಾಯಿಯಿಂದ ಶುರು ಮಾಡಬಹುದು.

ಆ ಮೊದಲಿನ ಹರಾಜಿನಲ್ಲಿ ಒಂದು ತೊಡಕಿತ್ತು. ಹೇಳಿದಷ್ಟನ್ನೂ ಕೊಡಬೇಕು, ಪಕ್ಕದವರು ಎಷ್ಟು ಹೇಳಿದ್ದಾರೆಂಬುದು ಎಲ್ಲರಿಗೂ ಕಾಣುತ್ತದೆ. ಹಾಗಾಗಿ ಇಬ್ಬರು ಒಂದೊಂದೇ ಸೆಂಟ್ ಏರಿಸುತ್ತ ಹೋಗುವುದು, ಇನ್ನು ಗಿಟ್ಟದು ಎಂದಾಗ ಒಬ್ಬ ಧೊಪ್ಪನೆ ಕೆಳಕ್ಕೆ ಇಳಿಸುವುದು, ಅದನ್ನು ನೋಡಿ ಇನ್ನೊಬ್ಬನೂ ಇಳಿಸುವುದು, ಮತ್ತೆ ಏರಿಸುವುದು. ಹಗಲೂ ರಾತ್ರಿ ಇದೇ. 2000ದ ಅಕ್ಟೋಬರಿನಲ್ಲಿ 350 ಜಾಹೀರಾತುದಾರರೊಂದಿಗೆ ಆಡ್‌ವರ್ಡ್ಸ್ ಶುರು ಮಾಡಿದ್ದ ಗೂಗಲ್, 2002ರಲ್ಲಿ ತಾನೂ ಒತ್ತಿದ್ದಕ್ಕೆ ದುಡ್ಡು ಎಂಬ ಪದ್ಧತಿಗೆ ಬಂದಾಗ ಎರಡು ಬದಲಾವಣೆ ಮಾಡಿತು. ಗೆದ್ದವರು ತಾವು ಹೇಳಿದಷ್ಟನ್ನು ಕೊಡಬೇಕಾಗಿಲ್ಲ, ತಮ್ಮ ಕೆಳಗಿನವರನ್ನು ದಾಟಲು ಎಷ್ಟು ಬೇಕೋ ಅಷ್ಟು ಕೊಟ್ಟರೆ ಸಾಕು. ಇದು ಒಂದು. ಇದಕ್ಕೆ ಹತ್ತಿರದ ವಿಚಾರವನ್ನು ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞರು 1961ರಲ್ಲೇ ಬರೆದಿಟ್ಟಿದ್ದರು. 1996ರಲ್ಲಿ ನೊಬೆಲ್ ಬಂತೆಂಬ ಸುದ್ದಿ ಕೇಳಿದ ಮೂರೇ ದಿನಕ್ಕೆ ಅವರು ತೀರಿಕೊಂಡರು. ಅವರ ವಿಚಾರದ ಮೇಲೆ ಮುಂದೆ ಎಷ್ಟು ದೊಡ್ಡ ವ್ಯಾಪಾರ ನಿಂತಿತು ಎಂಬುದನ್ನು ನೋಡಲು ಅವರು ಇರಬೇಕಿತ್ತು ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಕಾಕುವಿಗೆ ಇದನ್ನು ಬ್ಯಾಡಗಿ ಮಾರುಕಟ್ಟೆಯ ಲೆಕ್ಕದಲ್ಲಿ ಹೇಳಿದೆ. "ಎಪಿಎಂಸಿ ಒಳಗ ಲಾಟಿಗೆ ಟೆಂಡರ್ ಹಾಕ್ತಾರಲ್ರಿ. ಹೆಚ್ಚು ಬರದವಗ ಮಾಲು, ಬರದಷ್ಟ ಕೊಡಬೇಕು. ಇಲ್ಲೆ ಹಂಗಲ್ಲ. ನೀವು 12 ರೂಪಾಯಿ ಬರದೀರಿ, ಕೆಳಗಿನವ್ರು 7 ಬರದಾರ. ಉಳದದ್ದೆಲ್ಲಾ ಸಮಾ ಇತ್ತಂದ್ರ ನಿಮ್ಮ ಕಡಿಂದ ತೊಗೊಳ್ಳೂದು 7ರ ಮ್ಯಾಲ ಚೂರು ಅಷ್ಟ."

"ಉಳದದ್ದು ಅಂದ್ರ ಏನು?" ಎಂದು ಕಾಕು ತಟ್ಟನೆ ಕೇಳಿದರು. ಸರಿಯಾದ ಜಾಗಕ್ಕೇ ಕೈ ಹಾಕಿದ್ದರು. ಎರಡನೆಯ ಬದಲಾವಣೆ ಅದೇ. ಬರೀ ಹೆಚ್ಚು ಬರೆದವರು ಮೇಲೆ ಬರುವುದಿಲ್ಲ, ಒತ್ತುವ ಸಂಭವ ಎಷ್ಟು ಎಂಬುದನ್ನೂ ಸೇರಿಸಿ ಗುಣಿಸುತ್ತಾರೆ. ತಾಣಕ್ಕೆ ದುಡ್ಡು ಸಿಗುವುದು ಒತ್ತಿದಾಗ ಮಾತ್ರ ತಾನೆ? ಒಬ್ಬರು 10 ರೂಪಾಯಿ ಬರೆದಿದ್ದಾರೆ, ಅವರ ಜಾಹೀರಾತನ್ನು ನೂರು ಜನ ನೋಡಿದರೆ ಒಬ್ಬರು ಒತ್ತುತ್ತಾರೆ ಎನ್ನಿ. ನೀವು 6 ಬರೆದಿದ್ದೀರಿ, ನಿಮ್ಮದನ್ನು ನೂರರಲ್ಲಿ ಇಬ್ಬರು ಒತ್ತುತ್ತಾರೆ. ನೂರು ಸಲ ತೋರಿಸಿದರೆ ಅವರಿಂದ 10, ನಿಮ್ಮಿಂದ 12. ಕಡಿಮೆ ಬರೆದ ನೀವೇ ಮೇಲೆ. ಒಂದೊಂದು ತಾಣದ ಒಳಲೆಕ್ಕ ಒಂದೊಂದು ಬಗೆಯದು. ಅಮೆಜಾನ್, ಫ್ಲಿಪ್‌ಕಾರ್ಟಿನಂಥ ಅಂಗಡಿಗಳಲ್ಲಿ ಒತ್ತಿದವರು ಕೊಳ್ಳುತ್ತಾರೋ ಇಲ್ಲವೋ ಎಂಬುದಕ್ಕೂ ತೂಕವಿದೆ. ಫೋಟೋ, ಶೀರ್ಷಿಕೆ, ಬೆಲೆ, ನಕ್ಷತ್ರಗಳು ಇವೆಲ್ಲ ಬಿಡ್‌ನ ಭಾಗವೇ ಎಂದು ನಾನು ಹೇಳುವುದು ಇದಕ್ಕೇ. ಕಾಕುವಿನ ಪಾಕೀಟಿನ ಫೋಟೋ ಸಂಜೆಯ ಟ್ಯೂಬ್‌ಲೈಟಿನಲ್ಲಿ ತೆಗೆದದ್ದು. ಬ್ಯಾಡಗಿಯ ಆ ಗಾಢ ಕೆಂಪು ಅದರಲ್ಲಿ ಕಂದಾಗಿ ಕಾಣುತ್ತಿತ್ತು. ಬಣ್ಣಕ್ಕೇ ಹೆಸರಾದ ಮಾಲಿನ ಬಣ್ಣವೇ ಕಾಣದಿದ್ದರೆ ಯಾರು ಒತ್ತುತ್ತಾರೆ? ಬೆಳಗಿನ ಬೆಳಕಿನಲ್ಲಿ, ಬಿಳಿ ಹಿನ್ನೆಲೆಯಲ್ಲಿ ಪಾಕೀಟು ಮೊದಲು, ಎರಡನೆಯ ಚಿತ್ರದಲ್ಲಿ ಸುಕ್ಕುಗಟ್ಟಿದ ಡಬ್ಬಿ ಮೆಣಸಿನಕಾಯಿ ಒಂದು ಬೊಗಸೆ. ಇಷ್ಟು ಮಾಡಲು ಖರ್ಚು ಏನೂ ಇಲ್ಲ.

ಆಮೇಲೆ ವಹಿ ತರಲು ಹೇಳಿದೆ. ಒಂದು ಒತ್ತಿಗೆ ಎಷ್ಟು ಕೊಡಬಹುದು ಎಂಬುದನ್ನು ತಾಣ ತೋರಿಸುವ 'ಸಲಹೆಯ ಬಿಡ್' ನೋಡಿ ಇಡಬಾರದು. ಉಳಿದವರು ಎಷ್ಟಕ್ಕೆ ಗೆಲ್ಲುತ್ತಿದ್ದಾರೆ ಎಂಬುದಷ್ಟೇ ಅದರಲ್ಲಿದೆ. ನಿಮಗೆ ಎಷ್ಟು ಗಿಟ್ಟುತ್ತದೆ ಎಂಬುದು ಇರುವುದು ನಿಮ್ಮ ವಹಿಯಲ್ಲಿ. ಅರ್ಧ ಕಿಲೋ ಖಾರದ ಪುಡಿಗೆ 420 ರೂಪಾಯಿ ಎಂದಿಟ್ಟುಕೊಳ್ಳಿ. ಅದರಲ್ಲಿ ನೂರಕ್ಕೆ 5ರಂತೆ ಜಿಎಸ್‌ಟಿ 20 ರೂಪಾಯಿ ಸರಕಾರದ್ದು. ಉಳಿದ 400ರಲ್ಲಿ ಮೆಣಸಿನಕಾಯಿ, ತೊಟ್ಟು ಬಿಡಿಸಿದವರ ಕೂಲಿ, ಗಿರಣಿ, ಪಾಕೀಟು ಎಲ್ಲ ಸೇರಿ 190. ತಾಣದ ಕಮಿಷನ್, ಸಾಗಾಣಿಕೆ, ವಾಪಸು ಬಂದ ಪಾರ್ಸೆಲ್ಲುಗಳ ಬಾಬತ್ತು ಸೇರಿ 90. ಕೈಯಲ್ಲಿ 120. ಒತ್ತಿದ ಹತ್ತು ಜನರಲ್ಲಿ ಒಬ್ಬರು ಕೊಂಡರೆ ಒಂದು ಮಾರಾಟಕ್ಕೆ ಹತ್ತು ಒತ್ತು. ಒತ್ತಿಗೆ 12 ರೂಪಾಯಿ ಕೊಟ್ಟರೆ 120ಕ್ಕೆ 120, ಅಸಲಿಗೆ ಅಸಲು. ಪಾಕೀಟಿಗೆ 40 ರೂಪಾಯಿಯಾದರೂ ಉಳಿಯಬೇಕೆಂದರೆ ಒತ್ತಿಗೆ 8ರ ಮೇಲೆ ಹೋಗುವ ಹಾಗಿಲ್ಲ.

"ನನ್ನ ಮಗಾ 15 ಇಟ್ಟಾನಲ್ಲೋ!" ಎಂದರು ಕಾಕು. ಅಷ್ಟೂ ಕೊಡಬೇಕಾಗಿ ಬಂದರೆ ಹದಿನೈದು ಹತ್ತಲೇ ನೂರೈವತ್ತು. ಜಾಹೀರಾತಿನಿಂದ ಹೋದ ಪ್ರತಿ ಪಾಕೀಟಿನ ಜೊತೆ 30 ರೂಪಾಯಿ ಕೈಯಿಂದ ಇಟ್ಟು ಕಳಿಸಿದ ಹಾಗೆ. ಮಾರಾಟ ಏರಿಯೂ ಉಳಿತಾಯ ಇಳಿದದ್ದು ಹೇಗೆಂದು ಆಮೇಲೆ ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ಈ ಲೆಕ್ಕವನ್ನೇ ತಾಣಗಳು ಶೇಕಡಾವಾರಿನಲ್ಲಿ ತೋರಿಸುತ್ತವೆ. ಜಾಹೀರಾತಿನಿಂದ ಬಂದ ಮಾರಾಟದಲ್ಲಿ ಜಾಹೀರಾತಿನ ಖರ್ಚು ನೂರಕ್ಕೆ ಎಷ್ಟು ಎಂಬುದು, ಏಕಾಸ್ ಎನ್ನುತ್ತಾರೆ. ಕಾಕುವಿನ ಖಾರದ ಪುಡಿಗೆ 400ರಲ್ಲಿ 120 ಅಂದರೆ ನೂರಕ್ಕೆ 30 ಎಲ್ಲೆ. ಅದು ಆ ಪಾಕೀಟಿನ ಎಲ್ಲೆ ಮಾತ್ರ. ಮೊಬೈಲ್ ಕವರು ಮಾರುವವರು ಹೇಳಿದ ಸಂಖ್ಯೆಯನ್ನು ಚಟ್ನಿ ಮಾರುವವರು ಹಿಡಿದುಕೊಂಡರೆ ಕೆಟ್ಟರು. ಅಂದಹಾಗೆ, ಜಾಹೀರಾತಿನ ಬಿಲ್ಲಿನ ಮೇಲೆ ನೂರಕ್ಕೆ 18 ಜಿಎಸ್‌ಟಿ ಬೇರೆ ಇರುತ್ತದೆ. ಸಾಮಾನ್ಯ ನೋಂದಣಿ ಇದ್ದವರು ಅದನ್ನು ಮುರಿದುಕೊಳ್ಳಬಹುದು, ರಾಜಿ ತೆರಿಗೆಯಲ್ಲಿ ಇರುವವರಿಗೆ ಅದು ಖರ್ಚೇ.

ಚಟ್ನಿ ಜಾರು ಕಾಕುವಿನ ಪಟ್ಟಿಗೆ ಹೊಕ್ಕಿದ್ದು ಹೇಗೆಂದರೆ, ಮಗ 'ಆಟೋ' ಎಂಬುದನ್ನು ಆರಿಸಿದ್ದ. ಅದರಲ್ಲಿ ಪದಗಳನ್ನು ನಾವು ಕೊಡುವುದಿಲ್ಲ, ತಾಣವೇ ಊಹಿಸಿಕೊಳ್ಳುತ್ತದೆ. ಅಮೆಜಾನಿನಲ್ಲಿ ಈ ಊಹೆಗೆ ನಾಲ್ಕು ಕವಲಿವೆ. ನಮ್ಮ ಮಾಲಿಗೆ ತೀರ ಹತ್ತಿರದ ಹುಡುಕಾಟ, ದೂರದ ಹುಡುಕಾಟ, ನಮ್ಮಂಥದೇ ಬೇರೆಯವರ ಮಾಲಿನ ಪುಟ, ನಮ್ಮ ಮಾಲಿನ ಜೊತೆ ಕೊಳ್ಳುವ ಮಾಲಿನ ಪುಟ. ಬೇಕಿಲ್ಲದ ಕವಲನ್ನು ಮುಚ್ಚಬಹುದು, ಇಲ್ಲವೇ ಅದಕ್ಕೆ ಮಾತ್ರ ಬಿಡ್ ಇಳಿಸಬಹುದು. ಕೈಯಾರೆ ಪದ ಕೊಡುವುದಾದರೆ ಬ್ರಾಡ್, ಫ್ರೇಸ್, ಎಕ್ಸಾಕ್ಟ್ ಎಂದು ಮೂರು ಬಗೆ. ಮೊದಲನೆಯದು ಆ ಪದಗಳ ಸುತ್ತಮುತ್ತ ಎಲ್ಲಿಗೂ ಹೋಗುತ್ತದೆ, ಎರಡನೆಯದು ಆ ಪದಗಳು ಅದೇ ಕ್ರಮದಲ್ಲಿ ಒಟ್ಟಿಗೆ ಇರಬೇಕೆನ್ನುತ್ತದೆ, ಮೂರನೆಯದು ಅದೇ ಮಾತಿಗೆ ಮಾತ್ರ.

ಆಟೋ ಕೆಟ್ಟದ್ದೇನಲ್ಲ. ನಮಗೆ ಹೊಳೆಯದ ಮಾತನ್ನು ಅದು ಹುಡುಕಿಕೊಡುತ್ತದೆ. ಅದಕ್ಕೆ ಸಣ್ಣ ಬಜೆಟ್ ಕೊಟ್ಟು ಓಡಲು ಬಿಡಬೇಕು, ಮಾರಾಟ ತಂದ ಮಾತುಗಳನ್ನು ಎತ್ತಿ ಎಕ್ಸಾಕ್ಟಿನಲ್ಲಿ ಬೇರೆಯಾಗಿ ಇಟ್ಟು ಅವಕ್ಕೆ ಒಳ್ಳೆಯ ಬಿಡ್ ಕೊಡಬೇಕು, ಸಂಬಂಧವಿಲ್ಲದ ಮಾತುಗಳನ್ನು ನೆಗೆಟಿವ್ ಪಟ್ಟಿಗೆ ಸೇರಿಸಬೇಕು. ನೆಗೆಟಿವ್ ಎಂದರೆ ಈ ಮಾತು ಹುಡುಕಿದವರಿಗೆ ನನ್ನದನ್ನು ತೋರಿಸಬೇಡ ಎಂಬ ಸೂಚನೆ. ಆ ಪಟ್ಟಿ ಎಷ್ಟು ವಿಚಾರದಿಂದ ಬೆಳೆದಿದೆ ಎಂದು ನೋಡಿದರೆ ಆ ಮಾರಾಟಗಾರರು ಎಷ್ಟು ಶ್ರದ್ಧೆಯವರು ಎಂದು ನಾನು ಹೇಳಬಲ್ಲೆ. ಇಲ್ಲೂ ಎಚ್ಚರ ಬೇಕು. 'ಬೀಜ' ಎಂಬ ಒಂದೇ ಪದವನ್ನು ಹಾಕಿದಿರೋ, 'ಬೀಜ ತೆಗೆದ ಖಾರದ ಪುಡಿ' ಹುಡುಕುವವರೂ ತಪ್ಪಿಹೋಗುತ್ತಾರೆ. ಅವರು ಬ್ಯಾಡಗಿಯ ಖಾಸಾ ಗಿರಾಕಿಗಳು. 'ಮೆಣಸಿನಕಾಯಿ ಬೀಜ' ಎಂದು ಇಡೀ ಮಾತನ್ನೇ ಹಾಕಬೇಕು.

ಯಾವ ಮಾತನ್ನು ಎಷ್ಟು ದಿನ ನೋಡಿ ಬಿಡಬೇಕು? ಚಟ್ನಿ ಜಾರಿಗೆ ಒಂದು ನೋಟ ಸಾಕು. ಆದರೆ 'ಕಡಿಮೆ ಖಾರದ ಮೆಣಸಿನ ಪುಡಿ' ಎಂಬಂಥ, ಅರ್ಥದಲ್ಲಿ ಸರಿಯಾಗಿರುವ ಮಾತು ಮಾರಾಟ ತರದಿದ್ದರೆ? ಬಹಳ ಮಂದಿ ಐದಾರು ಕ್ಲಿಕ್ ನೋಡಿ ಸಿಟ್ಟಿನಿಂದ ತೆಗೆದುಹಾಕುತ್ತಾರೆ. ಅದು ಸರಿಯಲ್ಲ. ಹತ್ತರಲ್ಲಿ ಒಬ್ಬರು ಕೊಳ್ಳುವ ಒಳ್ಳೆಯ ಮಾತಿನಲ್ಲೂ, ಸಾಲಾಗಿ ಹತ್ತು ಜನ ಕೊಳ್ಳದೇ ಹೋಗುವ ಸಂಭವ ನೂರಕ್ಕೆ 35ರಷ್ಟಿದೆ. ಇಪ್ಪತ್ತು ಜನ ಸಾಲಾಗಿ ಕೊಳ್ಳದಿರುವ ಸಂಭವ 12. ಮೂವತ್ತಾದರೆ ಬರೀ 4. ಹಾಗಾಗಿ ಅರ್ಥ ಸರಿ ಇರುವ ಮಾತಿಗೆ ಮೂವತ್ತು ಒತ್ತುಗಳ ತನಕ ಕಾಯುವುದು ನ್ಯಾಯ. ಅಷ್ಟು ಕಾಯಲು ಬಜೆಟ್ ಸಾಲದಿದ್ದರೆ ಮಾತುಗಳನ್ನು ಕಡಿಮೆ ಮಾಡಬೇಕು. ನೂರು ಮಾತಿಗೆ ಹಂಚಿದ ಸಣ್ಣ ಬಜೆಟ್ಟಿನಿಂದ ಯಾವ ಮಾತಿನ ಗುಣವೂ ತಿಳಿಯುವುದಿಲ್ಲ.

ಇನ್ನೊಂದು ಬಗೆಯ ಆತುರವಿದೆ, ನಿನ್ನೆಯ ಲೆಕ್ಕವನ್ನು ಇಂದು ನೋಡುವುದು. ಅಮೆಜಾನಿನ ಸಾಮಾನ್ಯ ಜಾಹೀರಾತಿನಲ್ಲಿ ಮಾರಾಟಗಾರರಿಗೆ, ಒತ್ತಿದ ಮೇಲೆ 7 ದಿನದೊಳಗೆ ಕೊಂಡರೂ ಅದು ಆ ಒತ್ತಿನ ಲೆಕ್ಕಕ್ಕೇ ಸೇರುತ್ತದೆ. ಜನ ಒತ್ತಿ ನೋಡುತ್ತಾರೆ, ಬುಟ್ಟಿಗೆ ಹಾಕುತ್ತಾರೆ, ಮನೆಯಲ್ಲಿ ಕೇಳುತ್ತಾರೆ, ಇನ್ನೆರಡು ಸಾಮಾನು ಸೇರಿಸಿ ನಾಲ್ಕು ದಿನದ ಮೇಲೆ ತರಿಸುತ್ತಾರೆ. ಹಾಗಾಗಿ ಕಳೆದೆರಡು ದಿನದ ಸಂಖ್ಯೆ ಯಾವಾಗಲೂ ನಿಜಕ್ಕಿಂತ ಕೆಟ್ಟದಾಗಿಯೇ ಕಾಣುತ್ತದೆ. ಅದನ್ನು ನೋಡಿ ದಿನಾ ಬಿಡ್ ಏರಿಳಿಸುವವರು ತಮ್ಮ ಹೊಲದ ಯಾವ ಸಾಲಿಗೆ ಯಾವ ಗೊಬ್ಬರ ಹಾಕಿದೆವೆಂದು ತಾವೇ ಮರೆಯುವಂತೆ ಮಾಡಿಕೊಳ್ಳುತ್ತಾರೆ. ದೊಡ್ಡ ಸೇಲ್ ಬರುವ ಮುಂಚಿನ ವಾರವಂತೂ ಒತ್ತು ಹೆಚ್ಚು, ಮಾರಾಟ ಕಡಿಮೆ. ಎಲ್ಲರೂ ನೋಡಿ ಇಟ್ಟುಕೊಂಡು ಸೇಲಿಗೆ ಕಾಯುತ್ತಿರುತ್ತಾರೆ.

ಬಜೆಟ್ ಬೆಳಿಗ್ಗೆಯೇ ಮುಗಿಯುವುದನ್ನೂ ಕಾಕುವಿನ ಲೆಕ್ಕದಲ್ಲಿ ಕಂಡೆ. ದಿನಕ್ಕೆ ಇಷ್ಟೇ ಎಂದು ಇಟ್ಟ ಹಣ ಬೇಡದ ಮಾತುಗಳಲ್ಲಿ ಮಧ್ಯಾಹ್ನದೊಳಗೆ ತೀರಿ, ರಾತ್ರಿ ಊಟದ ಮೇಲೆ ಮೊಬೈಲ್ ಹಿಡಿದು ಸಾಮಾನು ಹುಡುಕುವವರಿಗೆ ಕಾಕುವಿನ ಪಾಕೀಟು ಕಾಣುತ್ತಲೇ ಇರಲಿಲ್ಲ. ಬಜೆಟ್ ಹೆಚ್ಚಿಸು ಎಂದು ತಾಣ ಸೂಚನೆ ಕೊಡುತ್ತಿತ್ತು. ಹೆಚ್ಚಿಸುವ ಮೊದಲು ಪಟ್ಟಿ ಶುದ್ಧ ಮಾಡಿದರೆ ಅದೇ ಹಣ ರಾತ್ರಿಯವರೆಗೆ ಬರುತ್ತದೆ. ಬಿಡ್ಡನ್ನು ತಾಣವೇ ಏರಿಸಿ ಇಳಿಸುವ ಆಯ್ಕೆಯನ್ನು ಮಗ ಒತ್ತಿಟ್ಟಿದ್ದ. ಅದರಲ್ಲಿ ಮೊದಲ ಸಾಲಿನ ಜಾಗಕ್ಕಾಗಿ ನಮ್ಮ ಬಿಡ್ ದುಪ್ಪಟ್ಟಿನವರೆಗೂ ಏರಬಹುದು. ಹೊಸಬರಿಗೆ 'ಇಳಿಸು ಮಾತ್ರ' ಎಂಬ ಆಯ್ಕೆಯೇ ಕ್ಷೇಮ.

"ಮತ್ತ ಯಾರರೆ ಬೇಕಂತ ಒತ್ತಿ ಒತ್ತಿ ನಮ್ಮ ರೊಕ್ಕ ಮುಗಸ್ತಿದ್ರ?" ಎಂದರು ಕಾಕು. ಇದು ಎಲ್ಲರ ಅನುಮಾನ. ಆಧಾರವಿಲ್ಲದ್ದೇನೂ ಅಲ್ಲ. ಅಮೆರಿಕದ ಅರ್ಕನ್ಸಾದಲ್ಲಿ ಒಂದು ಉಡುಗೊರೆ ಅಂಗಡಿ ಇದೇ ವಿಷಯಕ್ಕೆ ಹೂಡಿದ ಮೊಕದ್ದಮೆಯನ್ನು 2006ರಲ್ಲಿ ಗೂಗಲ್ 9 ಕೋಟಿ ಡಾಲರಿನ ಮಟ್ಟದಲ್ಲಿ ರಾಜಿ ಮಾಡಿಕೊಂಡಿತು. ಈಗ ಒಂದೇ ಕಡೆಯಿಂದ ಬರುವ ಅನುಮಾನದ ಒತ್ತುಗಳನ್ನು ತಾಣಗಳು ಸೋಸಿ ಲೆಕ್ಕದಿಂದ ತೆಗೆಯುತ್ತವೆ. ಪೂರ್ತಿ ಸೋಸುತ್ತವೆ ಎಂದು ನಾನು ಹೇಳುವುದಿಲ್ಲ. ಆದರೆ ಚಟ್ನಿ ಜಾರಿನ ಸಾಲು ಕಣ್ಣ ಮುಂದೆಯೇ ಇರುವಾಗ ಕಾಣದ ಶತ್ರುವನ್ನು ಹುಡುಕುವ ಅಗತ್ಯವಿಲ್ಲ.

ನನಗೆ ಅದಕ್ಕಿಂತ ಕಸಿವಿಸಿ ತರುವುದು ಬೇರೆ. ಜಾಹೀರಾತು ನೋಡಿಕೊಳ್ಳುವ ಏಜೆನ್ಸಿಗಳಲ್ಲಿ ಹಲವು, ಖರ್ಚಾದ ಹಣದಲ್ಲಿ ನೂರಕ್ಕೆ ಇಷ್ಟು ಎಂದು ತಮ್ಮ ಸಂಬಳ ತೆಗೆದುಕೊಳ್ಳುತ್ತವೆ. ಖರ್ಚು ಇಳಿಸಿದರೆ ಅವರ ಸಂಬಳವೇ ಇಳಿಯುತ್ತದೆ. ಹೀಗಿರುವಾಗ ನೆಗೆಟಿವ್ ಪಟ್ಟಿಗೆ ಯಾರು ಮೈ ಬಗ್ಗಿಸುತ್ತಾರೆ? ಒಳ್ಳೆಯವರೂ ಇದ್ದಾರೆ, ಆದರೆ ಪದ್ಧತಿಯೇ ತಲೆಕೆಳಗು. ತಿಂಗಳಿಗೆ ಇಷ್ಟು ಎಂದು ನಿಗದಿ ಮಾಡಿಕೊಳ್ಳುವುದು ಇಬ್ಬರಿಗೂ ಒಳ್ಳೆಯದು. ತಾಣಗಳ ಬಗೆಗೂ ಒಂದು ಮಾತು ಹೇಳಲೇಬೇಕು. ಅಮೆಜಾನಿನ ಜಾಹೀರಾತು ಆದಾಯ 2024ರಲ್ಲಿ 5,600 ಕೋಟಿ ಡಾಲರು ದಾಟಿತು. ಹುಡುಕಿದಾಗ ಕಾಣುವ ಮೊದಲ ಸಾಲುಗಳು ಬಹುಪಾಲು ಜಾಹೀರಾತೇ ಆಗಿರುವಾಗ, ಕಮಿಷನ್ ಕೊಟ್ಟವರು ಕಾಣಿಸಿಕೊಳ್ಳಲು ಮತ್ತೆ ಬಾಡಿಗೆ ಕೊಡಬೇಕಾಗಿದೆ. ಇದು ಸಣ್ಣವರಿಗೆ ಭಾರ, ಅದನ್ನು ಬಾಯಿಬಿಟ್ಟು ಹೇಳಬೇಕು. ಹಾಗೆಂದೇ ಆ ಬಾಡಿಗೆಯ ಒಂದು ರೂಪಾಯಿಯೂ ಜಾರು ಹುಡುಕುವವರ ಮೇಲೆ ಖರ್ಚಾಗಬಾರದು ಎಂದು ನನಗೆ ಇಷ್ಟು ಕಾಳಜಿ.

ಬೇಡದ್ದನ್ನು ತೆಗೆದ ಮೇಲೆ ಪಟ್ಟಿಯಲ್ಲಿ ಉಳಿದದ್ದು ಬಹಳ ಚೆಂದವಿತ್ತು. ಬ್ಯಾಡಗಿ, ಬ್ಯಾಡ್ಗಿ, ಬೇಡಗಿ, ಬೆಡ್ಗಿ ಮಿರ್ಚಿ ಎಂದು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದಾರೆ. ಮರಾಠಿ ಮನೆಗಳಲ್ಲಿ ಈ ಮೆಣಸಿನಕಾಯಿ ಎಷ್ಟು ಬೇಕಾದದ್ದೆಂದು ನಮ್ಮ ಕಡೆಯವರಿಗೆ ಗೊತ್ತೇ ಇದೆ. ಎಕ್ಸಾಕ್ಟಿನಲ್ಲಿ ಏಕವಚನ ಬಹುವಚನದಂಥ ಸಣ್ಣ ವ್ಯತ್ಯಾಸವನ್ನು ತಾಣ ತಾನೇ ಹೊಂದಿಸಿಕೊಳ್ಳುತ್ತದೆ, ಆದರೆ ಊರಿನ ಹೆಸರಿನ ಕಾಗುಣಿತಗಳನ್ನೆಲ್ಲ ಹೊಂದಿಸುತ್ತದೆಂದು ನಂಬಿ ಕೂರಬಾರದು. ಒಂದೊಂದನ್ನೂ ಬೇರೆಯಾಗಿ ಸೇರಿಸಿದೆವು. ದೊಡ್ಡ ಕಂಪನಿಗಳು 'ಚಿಲ್ಲಿ ಪೌಡರ್' ಎಂಬ ಮಾತಿಗೆ ಬಡಿದಾಡುತ್ತವೆ, ಅಲ್ಲಿ ಕಾಕು ನಿಲ್ಲಲಾರರು, ನಿಲ್ಲುವ ಅಗತ್ಯವೂ ಇಲ್ಲ. ಬ್ಯಾಡಗಿ ಎಂದು ಹೆಸರು ಹಿಡಿದು ಹುಡುಕುವವರು ಏನು ಬೇಕೆಂದು ನಿಶ್ಚಯಿಸಿಕೊಂಡೇ ಬಂದವರು. 2011ರಲ್ಲಿ ಭೌಗೋಳಿಕ ಸೂಚಿ ಪಡೆದ ಹೆಸರು ಅದು. ಆ ಹೆಸರಿನ ಮಾತುಗಳಿಗೇ ಬಜೆಟ್ಟಿನ ದೊಡ್ಡ ಪಾಲು ಹೋಗಬೇಕು. ಅದರಲ್ಲೂ ವರ್ಷದ ಖಾರ ಕುಟ್ಟಿಸಿಡುವ ಬ್ಯಾಸಗಿ ತಿಂಗಳುಗಳಲ್ಲಿ.

ಪಟ್ಟಿಯ ಕೆಳಗೆ 'ಘೀ ರೋಸ್ಟ್ ಮಸಾಲಾ' ಎಂದು ಒಂದು ಸಾಲು. ಒತ್ತಿದವರು ಕಡಿಮೆ, ಕೊಂಡವರು ಅದರಲ್ಲಿ ಬಹಳ. ಕಾಕು ಇದು ಯಾವ ಅಡಿಗೆ ಎಂದು ಕೇಳಿದರು. ಕುಂದಾಪುರ ಕಡೆಯ ಕೋಳಿಯ ಅಡಿಗೆ, ಅದರ ಕೆಂಪು ಬರುವುದೇ ಬ್ಯಾಡಗಿಯಿಂದ ಎಂದೆ. ಕಾಕುವಿನ ಮನೆಯಲ್ಲಿ ಮೊಟ್ಟೆಯೂ ಒಳಗೆ ಬರುವುದಿಲ್ಲ. ಕ್ಷಣ ಯೋಚಿಸಿ, "ನಾವು ತಿನ್ನದಿದ್ರ ಏನಾತು, ಮೆಣಸಿನಕಾಯಿ ನಮ್ಮದ ಅಲ್ಲೇನು? ಹಾಕು" ಎಂದರು. ಅದನ್ನು ಎಕ್ಸಾಕ್ಟಿಗೆ ಎತ್ತಿದೆವು.

ಅಗಸಿ ಚಟ್ನಿಗೂ ಜಾಹೀರಾತು ಹಚ್ಚೋಣ ಎಂಬುದು ಕಾಕುವಿನ ಆಸೆ. ವಹಿಯಲ್ಲಿ ಲೆಕ್ಕ ಹಾಕಿದರೆ ಒಂದು ಪಾಕೀಟಿಗೆ ಉಳಿಯುವುದು 18 ರೂಪಾಯಿ. ಹತ್ತರಲ್ಲಿ ಒಬ್ಬರು ಕೊಂಡರೂ ಒತ್ತಿಗೆ 1 ರೂಪಾಯಿ 80 ಪೈಸೆಗಿಂತ ಹೆಚ್ಚು ಕೊಡುವ ಹಾಗಿಲ್ಲ, ಅಷ್ಟಕ್ಕೆ ಒಳ್ಳೆಯ ಜಾಗ ಸಿಗುವುದಿಲ್ಲ. ಅದನ್ನೊಂದನ್ನೇ ಇಟ್ಟು ಜಾಹೀರಾತು ಬೇಡ ಎಂದೆ. ಶೇಂಗಾ, ಗುರೆಳ್ಳು, ಅಗಸಿ ಮೂರನ್ನೂ ಒಂದೇ ಡಬ್ಬಿಯಲ್ಲಿ ಸೇರಿಸಿದರೆ ಸಾಗಾಣಿಕೆ ಒಂದೇ ಸಲ, ಉಳಿಯುವುದು 70ರ ಹತ್ತಿರ. ಆಗ ಒತ್ತಿಗೆ 4 ರೂಪಾಯಿ ಕೊಟ್ಟರೂ 30 ಕೈಯಲ್ಲಿರುತ್ತದೆ.

ಕಾಕು ವಹಿಯಲ್ಲಿ ಮತ್ತೊಮ್ಮೆ ಕೂಡಿ ಕಳೆದು ನೋಡಿ, ನನಗೆ ಹೊಳೆಯದ ಒಂದು ಮಾತು ಕೇಳಿದರು. "ಕಟಕ ರೊಟ್ಟಿ ಮಾರೋರ ಪುಟದ ಮ್ಯಾಲ ನಮ್ಮ ಚಟ್ನಿ ನಿಲ್ಲಸಲಿಕ್ಕೆ ಬರ್ತದೇನು? ರೊಟ್ಟಿ ತೊಗೊಂಡವ್ರಿಗೆ ಚಟ್ನಿ ಬೇಕ ಬೇಕು."

ಬರುತ್ತದೆ. ಪದ ಕೊಡುವ ಬದಲು ನಿರ್ದಿಷ್ಟ ಮಾಲುಗಳನ್ನೇ ಆರಿಸಿ, ಅವುಗಳ ಪುಟದಲ್ಲಿ ನಮ್ಮದನ್ನು ತೋರಿಸುವ ವ್ಯವಸ್ಥೆ ಇದೆ. ಜೋಳದ ರೊಟ್ಟಿ, ಸಜ್ಜಿ ರೊಟ್ಟಿ ಮಾರುವವರ ಪುಟಗಳನ್ನು ಇಬ್ಬರೂ ಕೂತು ಆರಿಸಿದೆವು. ಒಡೆದ ರೊಟ್ಟಿ ಬಂತೆಂದು ಗಿರಾಕಿಗಳು ಬೈದಿದ್ದ ಪುಟಗಳನ್ನು ಕಾಕು ಬಿಡಿಸಿದರು, ಅಲ್ಲಿ ಕೊಳ್ಳುವವರೇ ಕಡಿಮೆ ಇರುತ್ತಾರೆ ಎಂಬುದು ಅವರ ತರ್ಕ, ಅದು ಸರಿಯೇ. ಬಿಡ್ 4 ರೂಪಾಯಿ, ಇಳಿಸು ಮಾತ್ರ. ಮೂವತ್ತು ಒತ್ತು ಆಗುವ ತನಕ ಮಗ ಫೋನ್ ಮಾಡಿ ಏನು ಹೇಳಿದರೂ ಅದಕ್ಕೆ ಕೈ ಹಚ್ಚುವುದಿಲ್ಲ ಎಂದು ಕಾಕು ವಹಿಯ ಆ ಪುಟದ ಮೇಲೆಯೇ ಬರೆದುಕೊಂಡರು.